ಅಪರಿಚಿತ ಗದ್ಯದ ಹದಿನೈದು ಅಂಕ



ಬೀದರದಿಂದ ಔರಾದಿಗೆ ಹೋಗುವ ರಸ್ತೆಯಲ್ಲಿ ಜನವಾಡ ಸಿಗುತ್ತದೆ. ಹೋಬಳಿ ಕೇಂದ್ರ. ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಅರ್ಜಿ ಕರೆದರೆಂದರೆ ಇಲ್ಲಿಯ ಜೆರಾಕ್ಸ್ ಅಂಗಡಿಗೆ ಸುಗ್ಗಿ. ಡಿ.ಎಡ್. ಮುಗಿಸಿದವರು, ಬಿ.ಎಡ್. ಮುಗಿಸಿ ಖಾಸಗಿ ಶಾಲೆಯಲ್ಲಿ ಸಿಕ್ಕಷ್ಟು ಸಂಬಳಕ್ಕೆ ಪಾಠ ಹೇಳುತ್ತಿರುವವರು, ಮಗುವನ್ನು ತವರಿನಲ್ಲಿ ಬಿಟ್ಟು ಓದಲು ಕೂತ ತಾಯಂದಿರು, ಎಲ್ಲರೂ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಮಾಡಿಸಿಕೊಂಡು ಹೋಗುತ್ತಾರೆ. ಈಚೆಗೆ ಆ ಸಾಲಿನಲ್ಲಿ ತಲೆ ನರೆತ ಮಾಸ್ತರರೂ ನಿಲ್ಲುತ್ತಿದ್ದಾರೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದಕ್ಕೆ ಕಾರಣ. ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲೇ ನೌಕರಿಗೆ ಸೇರಿದವರಾದರೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿದ್ದರೆ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು ಆ ತೀರ್ಪು ಹೇಳಿತು. ಇಪ್ಪತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದವರು ಈಗ ತಾವೇ ಒಎಂಆರ್ ಹಾಳೆಯಲ್ಲಿ ಗುಂಡಿ ತುಂಬಬೇಕು. ಸಿಟ್ಟು ಬರುವುದು ಸಹಜ. ಸಿಟ್ಟಿನ ವಿಚಾರ ಬೇರೆ ದಿನ ಮಾತಾಡೋಣ. ಇವತ್ತು ಆ ಪರೀಕ್ಷೆಯ ಒಂದೇ ಒಂದು ಭಾಗದ ಮಾತು.

ಅದು ಇಂಗ್ಲಿಷಿನ ಅಪರಿಚಿತ ಗದ್ಯಭಾಗ. ನಮ್ಮವರ ಬಾಯಲ್ಲಿ 'ಪ್ಯಾಸೇಜು'.

ಲೆಕ್ಕ ನೋಡಿ. ಟಿಇಟಿಯ ಒಂದು ಪತ್ರಿಕೆಗೆ 150 ಪ್ರಶ್ನೆ, 150 ಅಂಕ, 150 ನಿಮಿಷ. ಸಾಮಾನ್ಯ ವರ್ಗದವರಿಗೆ ಶೇಕಡಾ 60 ಬಂದರೆ ಅರ್ಹತೆ, ಅಂದರೆ 90 ಅಂಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದಂಥ ವರ್ಗಗಳಿಗೆ ಶೇಕಡಾ 55. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಭಾಷೆ-2 ಎಂದು ಇಂಗ್ಲಿಷ್ ಆಯ್ದುಕೊಂಡವರಿಗೆ ಅದರಲ್ಲಿ 30 ಅಂಕ. ಕೇಂದ್ರದ ಸಿಟಿಇಟಿ ಪಠ್ಯಕ್ರಮದ ಪ್ರಕಾರ ಆ ಮೂವತ್ತರಲ್ಲಿ ಅರ್ಧ ಭಾಷಾ ಬೋಧನೆಯ ಶಾಸ್ತ್ರಕ್ಕೆ, ಉಳಿದ ಹದಿನೈದು ಎರಡು ಅಪರಿಚಿತ ಗದ್ಯಭಾಗಗಳಿಗೆ. ವ್ಯಾಕರಣವೂ ಅದರಲ್ಲೇ ಸೇರಿಕೊಂಡಿರುತ್ತದೆ. ನಮ್ಮ ರಾಜ್ಯದ ಪತ್ರಿಕೆಯೂ ಹೆಚ್ಚುಕಡಿಮೆ ಇದೇ ದಾರಿಯದು. ಈ ಹದಿನೈದನ್ನು ನಮ್ಮ ಅಭ್ಯರ್ಥಿಗಳು ಮೊದಲೇ ಕೈಬಿಟ್ಟಿರುತ್ತಾರೆ. "ಅದು ನಸೀಬಿನ ಭಾಗ್ರಿ ಸರ್" ಅನ್ನುತ್ತಾರೆ. ಎಂಬತ್ತೇಳು, ಎಂಬತ್ತೆಂಟು ಅಂಕಕ್ಕೆ ನಿಂತುಹೋದ ಎಷ್ಟೋ ಜನರನ್ನು ನಮ್ಮ ಕಡೆ ನೋಡಿದ್ದೇನೆ. ಅವರಿಗೆ ಬೇಕಾಗಿದ್ದ ಎರಡು ಮೂರು ಅಂಕ ಇಲ್ಲೇ ಬಿದ್ದಿತ್ತು.

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಭಾನುವಾರ ಭಾನುವಾರ ಊರಿನ ಗ್ರಂಥಾಲಯದಲ್ಲಿ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ, ಒಂದಷ್ಟು ಜನ ಸೇರಿಕೊಂಡು ಓದುತ್ತೇವೆ. ಅಲ್ಲಿ ಮೊದಲ ದಿನ ಕೇಳುವ ದೂರು ಎರಡು. ಒಂದು, "ಸರ್, ಓದ್ಲಾಕ ಬರ್ತದ್ರಿ, ತಿಳಿಯಂಗಿಲ್ರಿ." ಎರಡು, "ಟೈಮ್ ಸಾಲಲ್ರಿ."

ಎರಡನೆಯದನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದು ನಿಜವಲ್ಲ. ಒಂದು ಗದ್ಯಭಾಗ ಸಾಮಾನ್ಯವಾಗಿ ಇನ್ನೂರರಿಂದ ಮುನ್ನೂರು ಪದ. ರೇಡಿಯೊದಲ್ಲಿ ಇಂಗ್ಲಿಷ್ ವಾರ್ತೆ ಓದುವವರು ನಿಮಿಷಕ್ಕೆ ಸುಮಾರು ನೂರೈವತ್ತು ಪದ ಓದುತ್ತಾರೆ. ಅವರ ಲೆಕ್ಕದಲ್ಲಿ ಅದು ಎರಡು ನಿಮಿಷದ ಕೆಲಸ. ನೀವು ಅವರ ಅರ್ಧ ವೇಗದಲ್ಲಿ, ತುಟಿ ಆಡಿಸುತ್ತ, ಬೆರಳಿಟ್ಟುಕೊಂಡು ಓದಿದರೂ ನಾಲ್ಕು ನಿಮಿಷ. ಹದಿನೈದು ಪ್ರಶ್ನೆಗೆ ಹದಿನೈದು ನಿಮಿಷ ನಿಮ್ಮ ಹಕ್ಕು; ಜೊತೆಗೆ ಶಿಶು ಮನೋವಿಜ್ಞಾನದಲ್ಲಿ, ಕನ್ನಡದಲ್ಲಿ ಥಟ್ಟನೆ ಬರೆದ ಉತ್ತರಗಳಿಂದ ಉಳಿದ ನಿಮಿಷಗಳೂ ಇರುತ್ತವೆ. ಸಮಯ ಹೋಗುವುದು ಓದಿದ್ದಕ್ಕಲ್ಲ, ಓದದೆ ಇದ್ದುದಕ್ಕೆ. ಗದ್ಯದ ಮೇಲೆ ಕಣ್ಣು ಹಾಯಿಸಿ ಪ್ರಶ್ನೆಗೆ ಹಾರುತ್ತಾರೆ, ಉತ್ತರ ಹುಡುಕಲು ಮತ್ತೆ ಗದ್ಯಕ್ಕೆ ಬರುತ್ತಾರೆ, ಅದು ಸಿಗದೆ ಮುಂದಿನ ಪ್ರಶ್ನೆಗೆ ಹೋಗುತ್ತಾರೆ, ಮತ್ತೆ ವಾಪಸ್ಸು. ಹೀಗೆ ಐದಾರು ಸಲ ಅರೆಬರೆ ಓದುವುದರ ಬದಲು ಒಂದು ಸಲ ನಿಧಾನವಾಗಿ ಓದಿದರೆ ಸಮಯ ಉಳಿದೇ ಉಳಿಯುತ್ತದೆ.

ಈಗ ಮೊದಲನೆಯ ದೂರು. ಓದಲು ಬರುತ್ತದೆ, ತಿಳಿಯುವುದಿಲ್ಲ. ಇದು ನಿಜ. ಇದಕ್ಕೆ ಕಾರಣ ನಾವು ಕಲಿತ ರೀತಿ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಶುರುವಾದದ್ದು 2007-08ರಲ್ಲಿ. ಅದಕ್ಕೆ ಮೊದಲು ಐದನೇ ತರಗತಿಗೆ ಬಂದ ಮೇಲೆ ಎ, ಬಿ, ಸಿ, ಡಿ. ಈಗ ಟಿಇಟಿಗೆ ಕೂತಿರುವ ಹಿರಿಯ ಮಾಸ್ತರರೆಲ್ಲ ಆ ಕಾಲದವರು. ಆದರೆ ಶುರು ಯಾವಾಗಲೇ ಆಗಲಿ, ಪಾಠ ನಡೆದದ್ದು ಒಂದೇ ರೀತಿ. ಪಾಠವನ್ನು ಸರ್ ಓದಿ ಕನ್ನಡದಲ್ಲಿ ಹೇಳಿದರು. ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆದರು. ನಾವು ಬರೆದುಕೊಂಡು ಬಾಯಿಪಾಠ ಮಾಡಿದೆವು. ಹಾಗೆ ನೋಡಿದರೆ, ಹತ್ತನೇ ತರಗತಿ ಮುಗಿಸುವವರೆಗೆ ನಮ್ಮಲ್ಲಿ ಬಹಳ ಜನ ಒಂದೇ ಒಂದು ಇಂಗ್ಲಿಷ್ ಪುಟವನ್ನೂ ತಾವಾಗಿ ಓದಿ ಅರ್ಥ ಮಾಡಿಕೊಂಡಿರುವುದಿಲ್ಲ. ನಾನೂ ಹಾಗೆಯೇ ಪಾಠ ಮಾಡಿದವರ ಸಾಲಿನಲ್ಲಿದ್ದವನೇ. ಈಗ ಟಿಇಟಿಗೆ ತಯಾರಿ ಅಂದರೆ ಗೈಡು ತೆಗೆದುಕೊಂಡು, ಪ್ಯಾಸೇಜು ಓದಿ, ಕೊನೆಯ ಪುಟದಲ್ಲಿ ಉತ್ತರ ನೋಡಿ, ಸರಿಯಾಗಿದ್ದರೆ ಟಿಕ್ಕು, ತಪ್ಪಾಗಿದ್ದರೆ 'ಹೌದಾ' ಅನ್ನುವುದು. ಹೀಗೆ ನೂರು ಪ್ಯಾಸೇಜು ಬಿಡಿಸಿದವರೂ ಪರೀಕ್ಷೆಯಲ್ಲಿ ನೂರೊಂದನೆಯದು ಬಂದಾಗ ಮೊದಲ ದಿನ ಎಲ್ಲಿದ್ದರೋ ಅಲ್ಲೇ ಇರುತ್ತಾರೆ. ಉತ್ತರ ಏನು ಅನ್ನುವುದು ಗೊತ್ತಾಯಿತೇ ಹೊರತು, ತಾನು ಇನ್ನೊಂದನ್ನು ಯಾಕೆ ಬರೆದೆ ಅನ್ನುವುದು ಗೊತ್ತಾಗಲಿಲ್ಲ.

ಆ 'ಯಾಕೆ'ಗೆ ಒಂದು ಉದಾಹರಣೆ ಕೊಡುತ್ತೇನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಬೀದರದ ನೌಬಾದಿನಲ್ಲಿರುವ ಸುರಂಗ ಕಾಲುವೆ ನಿಮಗೆ ಗೊತ್ತು. ಕರೇಜ್ ಅನ್ನುತ್ತೇವೆ. ಅದರ ಮೇಲೆ ನಾನೇ ಇಂಗ್ಲಿಷಿನಲ್ಲಿ ಒಂದು ಸಣ್ಣ ಗದ್ಯ ಬರೆದು ಗುಂಪಿಗೆ ಕೊಟ್ಟೆ. ಅದರ ಸಾರ ಇಷ್ಟು. ನೌಬಾದಿನಲ್ಲಿ ನೆಲದಡಿ ಒಂದು ಕಾಲುವೆ ಇದೆ. ಮೇಲಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಳಗಿನ ಕರಿಕಲ್ಲು ಬಿಟ್ಟುಕೊಳ್ಳುವುದಿಲ್ಲ. ಎರಡರ ನಡುವೆ ನಿಂತ ನೀರನ್ನು ಸುರಂಗ ಹಿಡಿದು ತಗ್ಗಿನ ಕಡೆಗೆ ಒಯ್ಯುತ್ತದೆ. ನೀರೆತ್ತಲು ಹಗ್ಗ ಬೇಡ, ಎತ್ತು ಬೇಡ, ಇಳಿಜಾರೇ ಸಾಕು. ಕೆಂಪು ಕಲ್ಲು ಹೊಸದಾಗಿ ಕಡಿದಾಗ ಮೆತ್ತಗಿದ್ದು ಗುದ್ದಲಿಗೆ ಬಗ್ಗುತ್ತದೆ, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಅಲ್ಲಲ್ಲಿ ಬಾವಿಯಂಥ ಗವಾಕ್ಷಿಗಳು, ಗಾಳಿ ಬೆಳಕಿಗೆ ಮತ್ತು ಹೂಳು ತೆಗೆಯುವುದಕ್ಕೆ. ನಲ್ಲಿ ನೀರು ಬಂದ ಮೇಲೆ ಜನ ಅದನ್ನು ಮರೆತರೂ, ಗವಾಕ್ಷಿಗಳಲ್ಲಿ ಕಸ ತುಂಬಿದರೂ, ಒಳಗೆ ನೀರು ಪೂರ್ತಿ ನಿಲ್ಲಲಿಲ್ಲ. ಇಷ್ಟೇ.

ಪ್ರಶ್ನೆ: ಈ ಗದ್ಯದಿಂದ ಯಾವ ಮಾತನ್ನು ಹೇಳಬಹುದು? ಆಯ್ಕೆಗಳು ನಾಲ್ಕು. ಒಂದು, ಈ ಕಾಲುವೆಯನ್ನು ಬಹಮನಿ ಸುಲ್ತಾನರ ಕಾಲದಲ್ಲಿ ಕಟ್ಟಲಾಯಿತು. ಎರಡು, ಈ ಕಾಲುವೆಯಿಂದ ನೀರು ತರಲು ಪ್ರಾಣಿಗಳ ಬಲ ಬೇಕಾಗಿರಲಿಲ್ಲ. ಮೂರು, ಇದರ ನೀರು ಕುಡಿಯಲು ಯೋಗ್ಯ. ನಾಲ್ಕು, ನಲ್ಲಿ ಬಂದ ಮೇಲೆ ಕಾಲುವೆ ಬತ್ತಿಹೋಯಿತು.

ಗುಂಪಿನಲ್ಲಿ ಹೆಚ್ಚಿನವರು ಮೊದಲನೆಯದಕ್ಕೆ ಗುರುತು ಹಾಕಿದರು. ಸಮಾಜ ವಿಜ್ಞಾನ ಕಲಿಸುವ ಒಬ್ಬ ಹಿರಿಯ ಮಾಸ್ತರರು ಗಟ್ಟಿಯಾಗಿಯೇ ವಾದಕ್ಕಿಳಿದರು.

"ಬಹಮನಿಯವ್ರು ಕಟ್ಟಿದ್ದು ಸುಳ್ಳೇನ್ರಿ ಸರ್?"

"ಸುಳ್ಳಲ್ರಿ ಗುರುಗಳೇ. ಖರೇನೇ ಅದ. ಆದ್ರ ಈ ಹಾಳ್ಯಾಗ ಎಲ್ಲಿ ಅದ, ಬೆರಳಿಟ್ಟು ತೋರಸ್ರಿ."

ಅವರು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿದರು. ಇರಲಿಲ್ಲ. ಅವರ ತಲೆಯಲ್ಲಿತ್ತು.

ಎರಡನೆಯದಕ್ಕೆ, ಅಂದರೆ ಸರಿಯುತ್ತರಕ್ಕೆ, ಗುರುತು ಹಾಕಿದ್ದವಳು ಔರಾದ ಕಡೆಯ ತಾಂಡಾದ ಒಬ್ಬ ಹುಡುಗಿ. ಇಂಗ್ಲಿಷಿನಲ್ಲಿ ಗುಂಪಿನಲ್ಲೇ ಹಿಂದುಳಿದವಳು ಎಂದು ತನ್ನನ್ನು ತಾನೇ ಅಂದುಕೊಂಡವಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ನನಗ ಈ ಕರೇಜಂದ್ರ ಏನಂತನೇ ಗೊತ್ತಿರ್ಲಿಲ್ರಿ ಸರ್. ಅದಕ್ಕ ಇದ್ದಷ್ಟೇ ಓದ್ದೆ" ಅಂದಳು. ಎಲ್ಲರೂ ನಕ್ಕರು. ನನಗೆ ಅದು ನಗುವ ಮಾತಾಗಿ ಕಾಣಲಿಲ್ಲ. ವಿಷಯ ಗೊತ್ತಿಲ್ಲದಿದ್ದದ್ದೇ ಆಕೆಗೆ ಅನುಕೂಲವಾಗಿತ್ತು.

ನಾನು ಇವತ್ತು ಹೇಳಬೇಕಾದದ್ದು ಇದೇ. ಪ್ಯಾಸೇಜಿನಲ್ಲಿ ನಮ್ಮ ಅಂಕ ಹೋಗುವುದು ಇಂಗ್ಲಿಷ್ ಬಾರದ್ದಕ್ಕಿಂತ ಹೆಚ್ಚಾಗಿ, ನಮಗೆ ಗೊತ್ತಿರುವುದನ್ನು ಹಾಳೆಯ ಮೇಲೆ ಓದಿಬಿಡುವುದರಿಂದ. ಶಿಕ್ಷಕರಿಗೆ ಈ ಕಾಟ ಇನ್ನೂ ಹೆಚ್ಚು. ವಿಷಯ ಗೊತ್ತಿರುವುದೇ ನಮ್ಮ ಉದ್ಯೋಗ ನೋಡಿ. ಪರಿಸರದ ಗದ್ಯ ಬಂದರೆ ಗಿಡ ನೆಡಬೇಕು ಅನ್ನುವ ಆಯ್ಕೆ ಕಣ್ಣಿಗೆ ಬೀಳುತ್ತದೆ, ಗಾಂಧೀಜಿ ಬಂದರೆ ಸತ್ಯ ಅಹಿಂಸೆ ಅನ್ನುವುದಕ್ಕೆ ಕೈ ಹೋಗುತ್ತದೆ. ಪ್ರಶ್ನೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಲೋಕದಲ್ಲಿ ನಿಜವಾಗಿರುವ, ಆದರೆ ಗದ್ಯದಲ್ಲಿ ಇಲ್ಲದ ಮಾತಾಗಿ ಇಟ್ಟಿರುತ್ತಾರೆ.

ಇದು ಬೀದರದವರ ರೋಗ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಫ್ರೆಡರಿಕ್ ಬಾರ್ಟ್ಲೆಟ್ ಎಂಬ ಮನೋವಿಜ್ಞಾನಿ ಇದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕತೆಯನ್ನು ತಮ್ಮಲ್ಲಿಯ ಇಂಗ್ಲಿಷ್ ಜನಕ್ಕೆ ಓದಲು ಕೊಟ್ಟು, ಆಮೇಲೆ ನೆನಪಿನಿಂದ ಬರೆಯಲು ಹೇಳಿದರು. ಓದಿದ್ದು ಅವರದೇ ಮಾತೃಭಾಷೆಯಲ್ಲಿ, ಓದು ಬರಹ ಕಲಿತ ಜನ. ಆದರೂ ಕತೆಯಲ್ಲಿ ಅವರಿಗೆ ವಿಚಿತ್ರವಾಗಿ ಕಂಡದ್ದೆಲ್ಲ ಮಾಯವಾಗಿ, ಪರಿಚಯದ ಸಂಗತಿಗಳು ಬಂದು ಕೂತವು. ಮೂಲನಿವಾಸಿಗಳ ಕಿರುದೋಣಿ ಅವರ ಬರಹದಲ್ಲಿ ಸಾಮಾನ್ಯ ದೋಣಿಯಾಯಿತು, ಭೂತಗಳು ಹಿಂದೆ ಸರಿದವು. 1932ರಲ್ಲಿ ಬಂದ ಅವರ ಪುಸ್ತಕ ಮನೋವಿಜ್ಞಾನ ಓದಿದ ಬಿ.ಎಡ್. ಮಂದಿಗೆ ಹೊಸದೇನಲ್ಲ. ತಲೆಯಲ್ಲಿ ಮೊದಲೇ ಇರುವ ಇಂಥ ತಿಳಿವಳಿಕೆಯ ಚೌಕಟ್ಟಿಗೆ 'ಸ್ಕೀಮಾ' ಎಂದು ಶಿಶು ಮನೋವಿಜ್ಞಾನದ ಪ್ರಶ್ನೆಗೆ ಉತ್ತರ ಬರೆಯುತ್ತೇವೆ. ಅದೇ ಸ್ಕೀಮಾ ಇಪ್ಪತ್ತು ನಿಮಿಷದ ಮೇಲೆ ಇಂಗ್ಲಿಷ್ ಗದ್ಯದಲ್ಲಿ ನಮಗೇ ಮೋಸ ಮಾಡುತ್ತಿರುತ್ತದೆ, ಗೊತ್ತಾಗುವುದಿಲ್ಲ.

ಹಾಗಾದರೆ ಅಭ್ಯಾಸ ಹೇಗೆ? ನಮ್ಮ ಗುಂಪಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಯಾರೇ ಉತ್ತರ ಹೇಳಲಿ, ಸರಿಯೋ ತಪ್ಪೋ, ಮೊದಲು ಗದ್ಯದ ಸಾಲಿನ ಮೇಲೆ ಬೆರಳು ಇಡಬೇಕು. ಬೆರಳಿಡಲು ಜಾಗ ಸಿಗದಿದ್ದರೆ ಉತ್ತರ ಸರಿಯಿದ್ದರೂ ಲೆಕ್ಕಕ್ಕಿಲ್ಲ. ಮೊದಮೊದಲು ಎಲ್ಲರಿಗೂ ಬೇಸರ. ಒಂದೇ ಗದ್ಯಕ್ಕೆ ಒಂದು ತಾಸು ಹಿಡಿಯುತ್ತದೆ. ಹಿಡಿಯಲಿ. ಗೈಡಿನ ಇಪ್ಪತ್ತು ಪ್ಯಾಸೇಜು ಓಡಿಸಿದ್ದಕ್ಕಿಂತ ಆ ಒಂದು ತಾಸು ಮೇಲು. ಉತ್ತರ ತಪ್ಪಾದವರು ಇನ್ನೂ ಒಂದು ಕೆಲಸ ಮಾಡಬೇಕು: ತಾನು ಆರಿಸಿದ ಆಯ್ಕೆ ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು. ತಲೆಯಿಂದ ಬಂತೋ, ಒಂದು ಪದದ ಹೋಲಿಕೆಯಿಂದ ಬಂತೋ, ಸಾಲನ್ನು ಅರ್ಧಕ್ಕೆ ಓದಿದ್ದರಿಂದ ಬಂತೋ. ಕೆಲವು ವಾರದಲ್ಲಿ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಚಾಳಿ ಗೊತ್ತಾಗುತ್ತದೆ.

ಸಾಲನ್ನು ಅರ್ಧಕ್ಕೆ ಓದುವವರು ಆ ಕರೇಜಿನ ಪ್ರಶ್ನೆಯಲ್ಲೂ ಇದ್ದರು. ಕಾಲುವೆ ಬತ್ತಿತು ಅನ್ನುವ ನಾಲ್ಕನೆಯದಕ್ಕೆ ಗುರುತು ಹಾಕಿದ್ದರು. ಗದ್ಯದ ಕೊನೆಯ ವಾಕ್ಯ 'ಆಲ್ದೋ' ಎಂದು ಶುರುವಾಗಿತ್ತು. ಜನ ಮರೆತರು, ಕಸ ತುಂಬಿತು ಅನ್ನುವವರೆಗೆ ಓದಿ, ಕತೆ ದುಃಖದಲ್ಲಿ ಮುಗಿಯಿತು ಅಂದುಕೊಂಡು ಅಲ್ಲಿಗೇ ಬಿಟ್ಟರು. ನಮಗೆ ಕನ್ನಡದಲ್ಲಿ ವಾಕ್ಯದ ತೀರ್ಮಾನ ಕೊನೆಗೆ ಬರುತ್ತದೆ, 'ಆದರೂ' ಅನ್ನುವುದು ನಡುವೆ ನಿಂತು ಎಚ್ಚರಿಸುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಮೊದಲೇ ಹೇಳಿ ಮುಗಿಸಿರುತ್ತಾರೆ. ಉದ್ದ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ. ಅದಕ್ಕೇ ಪೆನ್ಸಿಲ್ಲಿನಲ್ಲಿ ಮೊದಲು ಗುರುತು ಹಾಕಬೇಕಾದ್ದು ದೊಡ್ಡ ದೊಡ್ಡ ಪದಗಳಿಗಲ್ಲ, ಈ ಚಿಲ್ಲರೆ ಪದಗಳಿಗೆ: ಆಲ್ದೋ, ಅನ್‌ಲೆಸ್, ಹೌಎವರ್, ಓನ್ಲಿ, ರಾದರ್. 'ಹಾರ್ಡ್ಲಿ' ಅಂದರೆ ಕಷ್ಟಪಟ್ಟು ಎಂದು ಬಹಳ ಜನ ಓದುತ್ತಾರೆ. ಅದು ಇಡೀ ವಾಕ್ಯವನ್ನೇ ಇಲ್ಲ ಎಂದು ತಿರುಗಿಸುವ ಪದ. 'ಫ್ಯೂ' ಬೇರೆ, 'ಎ ಫ್ಯೂ' ಬೇರೆ. ಪ್ರಶ್ನೆಯಲ್ಲಿ 'ನಾಟ್' ಇದ್ದರೆ ಅದರ ಸುತ್ತ ಒಂದು ಗೆರೆ ಎಳೆದುಕೊಳ್ಳಿ. ಮೂರು ಸರಿಯಿರುವ ಮಾತುಗಳಲ್ಲಿ ಮೊದಲನೆಯದನ್ನೇ ನೋಡಿ ಖುಷಿಯಿಂದ ಗುಂಡಿ ತುಂಬಿದವರು ಎಷ್ಟೋ ಮಂದಿ.

ದೊಡ್ಡ ಪದಗಳ ಭಯದ ಬಗ್ಗೆ ಒಂದು ಮಾತು. ದಿನಕ್ಕೆ ಐವತ್ತು ಪದ ಅರ್ಥಸಮೇತ ಬಾಯಿಪಾಠ ಮಾಡುವವರು ನಮ್ಮ ಕಡೆ ಬಹಳ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಕರೇಜಿನ ಗದ್ಯದಲ್ಲಿ ಕೆಂಪು ಕಲ್ಲು ಗುದ್ದಲಿಗೆ ಬಗ್ಗುತ್ತದೆ ಅನ್ನುವಲ್ಲಿ 'ಯೀಲ್ಡ್' ಎಂದು ಬರೆದಿದ್ದೆ. ಪಟ್ಟಿ ಬಾಯಿಪಾಠ ಮಾಡಿದ್ದವರೆಲ್ಲ ಇಳುವರಿ ಎಂದರು. ತೊಗರಿ, ಸೋಯಾ ಬೆಳೆಯುವ ಊರು, ಇಳುವರಿಯ ಮಾತೇ ಮೊದಲು ನೆನಪಾಗುವುದು ತಪ್ಪಲ್ಲ. ಆದರೆ ಕಲ್ಲಿಗೆ ಎಲ್ಲಿಯ ಇಳುವರಿ? ಗುದ್ದಲಿ ಇದೆ, ಮೆತ್ತಗೆ ಅನ್ನುವ ಮಾತಿದೆ, ಆಮೇಲೆ ಗಟ್ಟಿಯಾಗುತ್ತದೆ ಅನ್ನುವ ಮಾತಿದೆ. ಅಕ್ಕಪಕ್ಕದ ಈ ಮೂರನ್ನು ನೋಡಿದರೆ ಪದ ಗೊತ್ತಿಲ್ಲದವರಿಗೂ ದಾರಿ ಸಿಗುತ್ತದೆ. ಪರೀಕ್ಷೆಯಲ್ಲಿ ಪದದ ಅರ್ಥ ಕೇಳುವಾಗ ಬಹುತೇಕ ಹೀಗೇ, ಎಲ್ಲರಿಗೂ ಗೊತ್ತಿರುವ ಪದದ ಅಷ್ಟಾಗಿ ಗೊತ್ತಿಲ್ಲದ ಅರ್ಥವನ್ನೇ ಕೇಳುತ್ತಾರೆ.

ಅಕ್ಕಪಕ್ಕ ನೋಡಿ ಅರ್ಥ ಹಿಡಿಯುವ ವಿದ್ಯೆ ನಮ್ಮ ಜಿಲ್ಲೆಯವರಿಗೆ ಹೊಸದೇ? ಆ ತಾಂಡಾದ ಹುಡುಗಿ ಮನೆಯಲ್ಲಿ ಲಂಬಾಣಿ ಮಾತಾಡುತ್ತಾಳೆ, ಕನ್ನಡ ಶಾಲೆಯಲ್ಲಿ ಕಲಿತಿದ್ದಾಳೆ, ಬೀದರದ ಬಜಾರಿನಲ್ಲಿ ದಖ್ಖನಿಯಲ್ಲಿ ಚೌಕಾಶಿ ಮಾಡುತ್ತಾಳೆ, ಉದಗೀರಿನ ಕಡೆಯ ನೆಂಟರು ಬಂದರೆ ಮರಾಠಿಯಲ್ಲಿ ಉಪಚಾರ ಮಾಡುತ್ತಾಳೆ. ದಖ್ಖನಿಗೆ, ಮರಾಠಿಗೆ ಯಾವ ಶಬ್ದಕೋಶವನ್ನೂ ತೆರೆದವಳಲ್ಲ. ಮುಖ ನೋಡಿ, ಸಂದರ್ಭ ನೋಡಿ, ಮುಂದಿನ ಮಾತು ಕೇಳಿ ಅರ್ಥ ಮಾಡಿಕೊಂಡವಳು. ಇಂಗ್ಲಿಷ್ ಎದುರಿಗೆ ಬಂದ ಕೂಡಲೇ ಆ ಬುದ್ಧಿಯನ್ನೆಲ್ಲ ಮನೆಯಲ್ಲಿ ಬಿಟ್ಟು ಪದಪಟ್ಟಿ ಹಿಡಿದುಕೊಂಡು ಕೂರುತ್ತಾಳೆ. ಇದು ಆಕೆಯೊಬ್ಬಳ ಕತೆಯಲ್ಲ.

ಮನೆಯ ಭಾಷೆ ಒಂದು, ಪರೀಕ್ಷೆಯ ಭಾಷೆ ಇನ್ನೊಂದು ಅನ್ನುವುದು ಈ ಭಾಗಕ್ಕೆ ಎಷ್ಟು ಹಳೆಯದೆಂದರೆ ಅದನ್ನು ನಾವು ಕೊರತೆ ಎಂದು ಹೇಳಿಕೊಳ್ಳುವುದನ್ನೇ ಬಿಡಬೇಕು. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಕಚೇರಿ ಉರ್ದುವಿನದು, ಸರ್ಕಾರಿ ಶಾಲೆ ಉರ್ದುವಿನದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಇಂಗ್ಲಿಷ್ ಒಂದು ಕಡ್ಡಾಯ ವಿಷಯ. ಕನ್ನಡ ಮನೆಮಾತಿನ ಹುಡುಗ ಉರ್ದುವಿನಲ್ಲಿ ಗಣಿತ ಬರೆದು, ಇಂಗ್ಲಿಷಿನಲ್ಲೂ ಪಾಸಾಗಿ ವಕೀಲನೋ ಮಾಸ್ತರನೋ ಆಗಿ ಊರಿಗೆ ಬರುತ್ತಿದ್ದ. ಆ ದಿನಗಳಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕತೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಶಾಲೆಯ ಮಕ್ಕಳು ಎರಡು ಲಿಪಿಗಳ ನಡುವೆ ಓಡಾಡಿಕೊಂಡೇ ಬೆಳೆದರು.

ಇನ್ನು ಅಭ್ಯಾಸಕ್ಕೆ ಏನನ್ನು ಓದಬೇಕು ಎಂದು ಬಹಳ ಜನ ಕೇಳುತ್ತಾರೆ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ ಎಂದು ತರಬೇತಿ ಕೇಂದ್ರಗಳಲ್ಲಿ ಹೇಳುತ್ತಾರಂತೆ. ಶುರುವಿಗೆ ಅದು ಬೇಡ. ಸಂಪಾದಕೀಯಕ್ಕೆ ಹಿಂದಿನ ದಿನದ ಸುದ್ದಿ ಗೊತ್ತಿರಬೇಕು, ವ್ಯಂಗ್ಯ ಗೊತ್ತಾಗಬೇಕು; ನಾಲ್ಕು ದಿನ ಓದಿ ಐದನೆಯ ದಿನ ಪತ್ರಿಕೆಯನ್ನು ಮಡಿಸಿಡುತ್ತೀರಿ. ನಾನು ಹೇಳುವುದು ನಿಮ್ಮ ಕೈಯಲ್ಲೇ ಇರುವ ಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘ ಆರು, ಏಳು, ಎಂಟನೇ ತರಗತಿಯ ಸಮಾಜ ವಿಜ್ಞಾನ, ವಿಜ್ಞಾನದ ಪಾಠಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತರುತ್ತದೆ. ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಟಿಇಟಿಯ ವಿಷಯ ಭಾಗಕ್ಕೆ ಹೇಗೂ ಆ ಪಾಠ ಓದಲೇಬೇಕು. ಹಾಗಿದ್ದ ಮೇಲೆ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಪುಟ ಓದಿ, ಮುಚ್ಚಿ, ಅದು ಏನು ಹೇಳಿತು ಅನ್ನುವುದನ್ನು ಎದುರಿಗಿದ್ದವರಿಗೆ ಕನ್ನಡದಲ್ಲಿ ಎರಡು ವಾಕ್ಯದಲ್ಲಿ ಹೇಳಿ. ಆಮೇಲೆ ಕನ್ನಡ ಪುಸ್ತಕ ತೆರೆದು ನೋಡಿ. ನೀವು ಹೇಳಿದ್ದರಲ್ಲಿ ಆ ಪುಟದಲ್ಲಿ ಇಲ್ಲದ್ದು ಏನು ಸೇರಿಕೊಂಡಿತು, ಇದ್ದದ್ದು ಏನು ಬಿಟ್ಟುಹೋಯಿತು ಅನ್ನುವುದು ತಾನಾಗಿ ಕಾಣುತ್ತದೆ. ಎದುರಿಗೆ ಯಾರೂ ಇಲ್ಲವೆಂದರೆ ಮೊಬೈಲಿನಲ್ಲಿ ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆಲಸ ಮಾಡುತ್ತ ಕೇಳಿಕೊಳ್ಳುವ ಹೆಣ್ಣುಮಕ್ಕಳು ನಮ್ಮ ಗುಂಪಿನಲ್ಲಿದ್ದಾರೆ.

ಎಲ್ಲ ಪರೀಕ್ಷೆಗೂ ಒಂದೇ ಓದು ಅಲ್ಲ, ಇದನ್ನೂ ಹೇಳಿಬಿಡಬೇಕು. ನರ್ಸಿಂಗ್ ಮುಗಿಸಿ ಹೊರದೇಶದ ಆಸ್ಪತ್ರೆಗೆ ಹೋಗಲು ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರು ಈ ಮಾತು ಕೇಳುತ್ತಿರಬಹುದು. ಅಲ್ಲಿ ಓದಿನ ಪತ್ರಿಕೆ 60 ನಿಮಿಷ, 42 ಪ್ರಶ್ನೆ. ಅದರ ಮೊದಲ ಭಾಗದಲ್ಲಿ 15 ನಿಮಿಷಕ್ಕೆ 20 ಪ್ರಶ್ನೆ. ನಾಲ್ಕು ತುಂಡು ಬರಹಗಳಿಂದ ಔಷಧದ ಪ್ರಮಾಣ, ಲಕ್ಷಣ ಹೆಕ್ಕಿ ತೆಗೆಯಬೇಕು. ಅಲ್ಲಿ ನನ್ನ ನಿಧಾನದ ಉಪದೇಶ ನಡೆಯುವುದಿಲ್ಲ. ವಾರ್ಡಿನಲ್ಲಿ ಕೇಸ್ ಶೀಟು ನೋಡಿದ ಹಾಗೆ ಬೇಕಾದ್ದನ್ನು ಹುಡುಕಿ ತೆಗೆಯುವ ಓದು ಅದು. ಆದರೆ ಅದೇ ಪತ್ರಿಕೆಯ ಕೊನೆಯ ಭಾಗದಲ್ಲಿ ಲೇಖಕರ ಅಭಿಪ್ರಾಯ ಏನು ಎಂದು ಕೇಳುತ್ತಾರೆ, ಅಲ್ಲಿ ಬೆರಳಿಡುವ ಕಟ್ಟುನಿಟ್ಟು ಮತ್ತೆ ಬೇಕು. ಇನ್ನು ಐಎಎಸ್ ಕನಸಿನ ಹುಡುಗರ ಪಾಡು ನಿಜಕ್ಕೂ ಕಷ್ಟದ್ದು. ಪ್ರಿಲಿಮ್ಸ್‌ನ ಎರಡನೆಯ ಪತ್ರಿಕೆ, ಸಿಸ್ಯಾಟ್, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಬಿಡುವ ವ್ಯವಸ್ಥೆ, ಅಲ್ಲಿಗೆ ತಲುಪುವ ಬಾಗಿಲಲ್ಲಿ ಮಾತ್ರ ಕನ್ನಡವನ್ನು ಹೊರಗೆ ನಿಲ್ಲಿಸುತ್ತದೆ. ಶೇಕಡಾ 33 ಬಂದರೆ ಸಾಕು ಎಂದು ಅದನ್ನು ಹಗುರವಾಗಿ ನೋಡುವವರು ಹಿಂದಿ, ಇಂಗ್ಲಿಷ್ ಮನೆಯವರು. ಇದರ ಮೇಲೆ ನಮ್ಮ ಸಂಸದರು ಇನ್ನೂ ಗಟ್ಟಿಯಾಗಿ ಮಾತಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಮತ್ತೆ ಟಿಇಟಿಗೆ ಬರೋಣ. ಅಭ್ಯಾಸ ಒಂದು ಹದಕ್ಕೆ ಬಂದ ಮೇಲೆ ನಾವು ಮಾಡುವ ಕೊನೆಯ ಕೆಲಸ, ಪ್ರಶ್ನೆಗಳನ್ನು ನಾವೇ ತೆಗೆಯುವುದು. ಒಬ್ಬೊಬ್ಬರು ಒಂದು ಪುಟ ಆರಿಸಿಕೊಂಡು ಐದು ಪ್ರಶ್ನೆ ಬರೆದು ತರಬೇಕು, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಸರಿಯುತ್ತರ ಬರೆಯುವುದು ಸುಲಭ. ತಪ್ಪುತ್ತರ ಮೂರು ಬರೆಯುವಾಗ ಬೆವರು ಇಳಿಯುತ್ತದೆ. ನೋಡಿದ ಕೂಡಲೇ ತಪ್ಪು ಎಂದು ಗೊತ್ತಾಗುವಂಥದ್ದನ್ನು ಗುಂಪು ಒಪ್ಪುವುದಿಲ್ಲ. ಒಂದು ಗದ್ಯಕ್ಕಿಂತ ಅಗಲವಾಗಿರಬೇಕು, ಒಂದು ಗದ್ಯದ ಒಂದು ಮೂಲೆಗೆ ಮಾತ್ರ ಹೊಂದಬೇಕು, ಒಂದು ಲೋಕದಲ್ಲಿ ನಿಜವಿದ್ದು ಗದ್ಯದಲ್ಲಿ ಇರಬಾರದು. ಶೀರ್ಷಿಕೆಯ ಪ್ರಶ್ನೆಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಕರೇಜಿನ ಗದ್ಯಕ್ಕೆ 'ಬೀದರದ ನೀರಿನ ಸಮಸ್ಯೆ' ಅಂದರೆ ಅಗಲವಾಯಿತು, 'ಗವಾಕ್ಷಿಗಳ ಉಪಯೋಗ' ಅಂದರೆ ಮೂಲೆ ಸೇರಿತು, 'ಬಹಮನಿಯರ ಜಾಣ್ಮೆ' ಅಂದರೆ ನಮ್ಮ ಸಮಾಜ ವಿಜ್ಞಾನದ ಗುರುಗಳು ಮತ್ತೆ ಸಿಕ್ಕಿಬೀಳುತ್ತಾರೆ. ಈ ಬಲೆ ಹೆಣೆಯುವುದನ್ನು ಕಲಿತವರು ಪರೀಕ್ಷೆಯಲ್ಲಿ ಬಲೆಯನ್ನು ದೂರದಿಂದಲೇ ಗುರುತಿಸುತ್ತಾರೆ. ಈಗ ಆ ಗುರುಗಳು ಹೆಣೆಯುವ ತಪ್ಪುತ್ತರಗಳಿಗೆ ನಾನೂ ಒಮ್ಮೊಮ್ಮೆ ಬೀಳುತ್ತೇನೆ.

ಪರೀಕ್ಷೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲಿಷನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ದಣಿದ ಕಣ್ಣಿಗೆ ಚಿಲ್ಲರೆ ಪದಗಳು ಕಾಣುವುದಿಲ್ಲ. ಕನ್ನಡ ಮುಗಿದ ಮೇಲೆ ಎತ್ತಿಕೊಳ್ಳಿ. ಎರಡು ಗದ್ಯಗಳಲ್ಲಿ ಯಾವುದರ ವಿಷಯ ನಿಮಗೆ ಚೆನ್ನಾಗಿ ಗೊತ್ತೋ ಅದರಲ್ಲಿ ಹೆಚ್ಚು ಎಚ್ಚರ ಇರಲಿ. ಒಂದು ಪ್ರಶ್ನೆಯಲ್ಲಿ ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡರೆ ಎರಡಕ್ಕೂ ಗದ್ಯದಲ್ಲಿ ಸಾಲು ಹುಡುಕಿ. ಸಾಲು ಸಿಕ್ಕಿದ್ದಕ್ಕೆ ಗುಂಡಿ ತುಂಬಿ. ಎರಡಕ್ಕೂ ಸಿಗಲಿಲ್ಲವೆಂದರೆ ಒಂದನ್ನು ತುಂಬಿ ಮುಂದೆ ಹೋಗಿ. ಕಳೆಯುವ ಅಂಕ ಇಲ್ಲ, ಹಾಗಾಗಿ ಯಾವ ಗುಂಡಿಯನ್ನೂ ಖಾಲಿ ಬಿಟ್ಟು ಎದ್ದು ಬರಬೇಡಿ.